ಮಂಡಾಳಿನ ಭಾರ

ಮಸ್ಕಿಯಲ್ಲಿ ನನ್ನ ಸೋದರಮಾವನದು ಮಂಡಾಳಿನ ಭಟ್ಟಿ. ಸಿಂಧನೂರಿನ ಸಂತೆಯಿಂದ ಅಕ್ಕಿ ತಂದು, ಉಪ್ಪುನೀರು ಹಚ್ಚಿ, ಕಾದ ಉಸುಕಿನಲ್ಲಿ ಹುರಿದು ಮಂಡಕ್ಕಿಯಾಗಿ ಅರಳಿಸಿ, ಸೇರಿನಿಂದ ಅಳೆದು ಮಾರುತ್ತಿದ್ದ. ಒಗ್ಗರಣೆ ಹಾಕಿ ತಿನ್ನಲು ಮಂಡಾಳು ಬೇಕಾದವರು ಸೇರಿನ ಲೆಕ್ಕದಲ್ಲೇ ಕೇಳುತ್ತಿದ್ದರು. ಗಾಳಿಗೆ ಮಣದ ಲೆಕ್ಕ ಕಟ್ಟುವ ಹುಚ್ಚು ನಮ್ಮ ಕಡೆ ಯಾರಿಗೂ ಇರಲಿಲ್ಲ. ಅದನ್ನು ತಂದವನು ನಿಜಾಮರ ಸರ್ಕಾರದ ಒಬ್ಬ ಅಧಿಕಾರಿ.

ಯುದ್ಧದ ಕಾಲ. ಬಚ್ಚಿಟ್ಟ ದವಸ ಹುಡುಕಲು ಆತ ಬಂದೂಕಿನ ಜವಾನರೊಂದಿಗೆ ಮನೆಮನೆ ಹೊಕ್ಕು ಬರುತ್ತಿದ್ದ. ಕೈಯಲ್ಲಿ ಒಂದು ಸೇರು, ತಲೆಯಲ್ಲಿ ಒಂದು ಲೆಕ್ಕ: ಇಷ್ಟು ಸೇರಿಗೆ ಇಷ್ಟು ಮಣ. ಅದು ಜೋಳಕ್ಕೆ ಕಟ್ಟಿದ ಲೆಕ್ಕ. ಜೋಳ ಒಪ್ಪಿಕೊಂಡ ಹುಕುಮನ್ನು ಮಂಡಾಳು ಒಪ್ಪದಿರುವುದುಂಟೇ?

ಒಂದು ಚೀಲ ಅಳೆಸಿದ. ಉಳಿದ ಚೀಲಗಳನ್ನು ಎಣಿಸಿ ಗುಣಿಸಿದ. ಗಳಿಗೆಯೊಳಗೆ ಮಾವ ಇಡೀ ಊರಿಗೆ ಅನ್ನ ಹಾಕುವಷ್ಟು ಅಕ್ಕಿಯ ಒಡೆಯನಾಗಿಬಿಟ್ಟ.

"ಇಷ್ಟು ಮಣ ಮುಚ್ಚಿಟ್ಟೀಯಲ್ಲೋ. ಎಲ್ಲಾ ಸರ್ಕಾರಕ್ಕ ಜಮಾ ಮಾಡು. ಒಂದು ತೊಲಿ ಕಮ್ಮಿ ಬಿದ್ರ ಲಿಂಗಸುಗೂರಿನ ಜೇಲಿಗೆ ನಡಿ."

ನಾನು ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದವನು. ಓದಿದ್ದು ಬಾಯಿಗೆ ಬಂತು. "ಹುಜೂರ್, ಮಂಡಾಳು ಹಗುರು. ಒಮ್ಮೆ ತಕ್ಕಡಿಗೆ ಹಾಕಿಸಿ ನೋಡ್ರಿ."

"ಹುಕುಂ ಇದ್ದಲ್ಲಿ ತಕ್ಕಡಿ ಯಾಕೋ? ಕಾಲೇಜಿನಾಗ ಇದನ್ನ ಕಲಿಸ್ಯಾರೇನು?"

ಒಬ್ಬ ಜವಾನನ ಬಂದೂಕು ನನ್ನ ಎದೆಯತ್ತ ತಿರುಗಿತು. ನನ್ನ ವಿಜ್ಞಾನ ಅಲ್ಲಿಗೇ ಮುಗಿಯಿತು. ಆ ನಳಿಗೆಯ ಕರಿಯ ತೂತು ಈಗಲೂ ಒಮ್ಮೊಮ್ಮೆ ಉಣ್ಣುವಾಗ ಎದುರು ಬಂದು ನಿಲ್ಲುತ್ತದೆ.

ಮಾವ ಕೈಮುಗಿದ. "ಹುಡುಗಗ ತಿಳಿಯಂಗಿಲ್ಲ ಬಿಡ್ರಿ. ಇವ ಚೀಲ ತಗೊಂಡ್ ಹೋಗ್ರಿ. ನಿಮ್ಮ ಹಿಸಾಬಿನಾಗ ಇಷ್ಟಽ ಮಣ ಅಂದ್ರ, ಇಷ್ಟಽ ಮಣ. ಚುಕ್ತಾ ಆತಲ್ರಿ?"

ಅಧಿಕಾರಿ ತಲೆಯಾಡಿಸಿದ. ಚುಕ್ತಾ.

ಬಂಡಿ ಬಂತು. ಒಬ್ಬ ಜವಾನ ಕಾಲೂರಿ, ಹಲ್ಲು ಕಚ್ಚಿ, ಮಣಗಟ್ಟಲೆ ಅಕ್ಕಿ ಎತ್ತುವವನಂತೆ ಚೀಲ ಎತ್ತಿದ. ಚೀಲ ಅವನ ತಲೆಯ ಮೇಲಿಂದ ಹಾರಿ ಹಿಂದಕ್ಕೆ ಬಿತ್ತು. ಅವನೂ ಬಿದ್ದ. ನೆರೆದವರಲ್ಲಿ ಯಾರೋ ಕಿಸಕ್ಕೆಂದರು.

"ಯಾರಲೇ ನಕ್ಕಾವ?" ಅಧಿಕಾರಿಯ ಮುಖ ಕೆಂಡವಾಯಿತು. ಬಂದೂಕುಗಳು ಮೇಲೆದ್ದವು. ಹುಕುಂ ನಗೆಪಾಟಲಾದರೆ ಮಾವನಿಗೆ ಜೇಲೇ ಗತಿ ಎಂದು ಎಲ್ಲರಿಗೂ ಗೊತ್ತಿತ್ತು.

"ನಕ್ಕಿದ್ದಲ್ರಿ, ಭಟ್ಟಿ ಹೊಗಿಗೆ ಕೆಮ್ಮಿದ್ರಿ," ಎಂದಳು ಅತ್ತೆ. ಭಟ್ಟಿಗೆ ಅಂದು ಬೆಂಕಿಯನ್ನೇ ಹಾಕಿರಲಿಲ್ಲ.

ಮಾವ ಬಿದ್ದ ಚೀಲದ ಒಂದು ತುದಿ ಹಿಡಿದ. "ಒಬ್ಬಾವ ಎತ್ತಬ್ಯಾಡಪ್ಪಾ, ಸೊಂಟ ಹಿಡದೀತು. ಬಾರಲೇ ಅಳಿಯಾ, ಆ ಕಡಿ ಹಿಡಿ." ನಾನು ಹಿಡಿದೆ. ಇಬ್ಬರೂ ನರಳುತ್ತಾ ಬಂಡಿಗೇರಿಸಿದೆವು. ಓಣಿಯ ಜಟ್ಟಿಗಳು ಜೋಡಿ ಜೋಡಿಯಾಗಿ ಬಂದು ನರಳಿದರು. ಒಬ್ಬನಂತೂ ಹಣೆಯ ಬೆವರು ಒರೆಸಿಕೊಂಡ. ಬೆವರೇನೋ ನಿಜವಾದದ್ದೇ, ಬಂದೂಕು ಹತ್ತಿರದಲ್ಲಿತ್ತು. ಬಂಡಿ ಹೊಡೆಯುವವನೂ ಎತ್ತುಗಳಿಗೆ "ಜಗ್ಗರಪ್ಪಾ" ಎಂದು ಬೇಡಿಕೊಂಡ. ಎತ್ತುಗಳಿಗೆ ಮಾತ್ರ ಸರ್ಕಾರದ ಭಯವಿರಲಿಲ್ಲ, ಓಡತೊಡಗಿದವು.

ಮಾವ ಹಾರಿ ಬಂಡಿಯ ಹಿಂಭಾಗ ಹಿಡಿದು, ಅದು ಓಡದಂತೆ ಜಗ್ಗುತ್ತಾ, ನೋಡುವವರಿಗೆ ದೂಡುವಂತೆ ಕಾಣುತ್ತಾ ನಡೆದ. ನಾನೂ ಪಕ್ಕದಲ್ಲಿ ಹೆಗಲು ಕೊಟ್ಟೆ. ಅಧಿಕಾರಿಯ ಕುದುರೆ ಲಿಂಗಸುಗೂರಿನ ದಾರಿಯಲ್ಲಿ ಬಹಳ ಮುಂದೆ ಹೋಗಿತ್ತು.

"ಮಾವಾ, ಸಾಕ್ ಬಿಡ್ರಿ. ಅವ ಹೊಳ್ಳಿ ನೋಡವಲ್ಲ."

"ನೋಡಿದ್ರ?" ಎಂದ ಮಾವ. "ಸುಮ್ನ ನರಳು."