ನಗ್ಗಿದ ಕೈದೀಪ

ಹಳೇ ಸಾಮಾನಿನ ಅಂಗಡಿಯಲ್ಲಿ ಕೂತೆದ್ದ ಭಾವಮೈದುನನ ಪ್ಯಾಂಟಿನ ಹಿಂಭಾಗಕ್ಕೆ ಬೆಲೆಚೀಟಿಯೊಂದು ಅಂಟಿಕೊಂಡಿತ್ತು. ಅವನು ಕೂತದ್ದು ಯಾವುದೋ ರೈಲು ನಿಲ್ದಾಣದ ಬೆಂಚಿನ ಮೇಲೆ; ಅದಿರುವುದು ಕೂರುವುದಕ್ಕಲ್ಲ, ಮಾರುವುದಕ್ಕೆ ಎಂದು ಯಾರೂ ಹೇಳಿರಲಿಲ್ಲ. ಹಿಂದೆ ನಿಂತಿದ್ದ ಹೆಂಗಸೊಬ್ಬಳು "ಎಂಬತ್ತು ಸಾವಿರ" ಎಂದು ಗಟ್ಟಿಯಾಗಿ ಓದಿ ಕಿಸಕ್ಕೆಂದಳು. ಅವನಿಗೋ ಐವತ್ತೆರಡು ವರ್ಷ, ಮುಂದೆ ಹೊಟ್ಟೆ, ಮೇಲೆ ಬೋಳು. ಮನೆಯಲ್ಲಿ ಹೆಂಡತಿ ಕೂಡ ಅವನಿಗೆ ಅಷ್ಟು ಬೆಲೆ ಕಟ್ಟಿರಲಿಲ್ಲ. ಚೀಟಿ ಕಿತ್ತು ಬೆಂಚಿಗೆ ಒತ್ತಿ, ಪೆಚ್ಚು ಮುಖ ಹೊತ್ತು ಭಾವನ ಪಕ್ಕ ಹೋಗಿ ನಿಂತ.

ಅಕ್ಕನ ಗಂಡ ಈ ಭಾವ, ಮೂವತ್ತೊಂದು ವರ್ಷ ಗೂಡ್ಸ್ ಗಾಡಿಯ ಕೊನೇ ಡಬ್ಬಿಯಲ್ಲಿ ಒಂಟಿಯಾಗಿ ಕೂತು, ಊರುಗಳನ್ನೆಲ್ಲ ಹಿಂದು ಮುಂದಾಗಿ ನೋಡಿದ ಗಾರ್ಡು. ನಿವೃತ್ತಿಯ ದಿನ, ಗಾಡಿಗೆ ಹಸಿರು ಕೆಂಪು ತೋರಿಸುತ್ತಿದ್ದ ತಮ್ಮ ಕೈದೀಪವನ್ನು ಒಪ್ಪಿಸಿ ಬಂದಿದ್ದರು. ಇಲಾಖೆ ಅದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿತು. ಹೋದ ವರ್ಷ ಈ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದು ಕಂಡಾಗ ಹಿಡಿಯ ಕೆಳಗಿನ ನಗ್ಗಿನಿಂದಲೇ ಗುರುತು ಹಿಡಿದರು.

ಆಗ ಅದರ ಬೆಲೆ ನಾಲ್ಕು ಸಾವಿರ. ಆದರೆ ಭಾವನ ಬಾಯಿಗೆ ಬ್ರೇಕಿಲ್ಲ. "ಇದು ನನ್ನದೇ ಕಣಯ್ಯ, ಈ ನಗ್ಗಿಗೆ ನನಗೆ ದಂಡ ಹಾಕಿದ್ರು" ಎಂದು ಶುರು ಹಚ್ಚಿಕೊಂಡರು. ಅಂಗಡಿಯವನು ಟೀ ತರಿಸಿಕೊಟ್ಟು ಎಲ್ಲ ಕೇಳಿಸಿಕೊಂಡ. ಮರುವಾರ ದೀಪದ ಪಕ್ಕ ಅದೇ ಕಥೆ ಬರೆದ ಕಾರ್ಡು, ಒಂಬತ್ತು ಸಾವಿರ. ಹೊಂದಿಸಿಕೊಂಡು ಹೋದರೆ ಮತ್ತೊಂದು ಟೀ, ಮತ್ತೊಂದು ಕಥೆ, ಹದಿನೆಂಟು. ಸಾಲದ್ದಕ್ಕೆ ಸಮವಸ್ತ್ರದ ಹಳೇ ಫೋಟೋ ಬೇರೆ ಕೊಟ್ಟು ಬಂದಿದ್ದರು ಪುಣ್ಯಾತ್ಮರು.

ನೆನೆಸಿಕೊಂಡರೆ ಭಾವಮೈದುನನಿಗೆ ಮೈಯೆಲ್ಲ ಉರಿಯುತ್ತಿತ್ತು. ನಗ್ಗಿಸಿದ್ದಕ್ಕೆ ಸಂಬಳ ಕತ್ತರಿಸಿದವರು ಯಾರೋ, ಅದೇ ನಗ್ಗನ್ನು ಮಾರಿ ತಿನ್ನುವವನು ಇನ್ಯಾರೋ; ಚಳಿಯಲ್ಲಿ ಅದನ್ನು ಎತ್ತಿ ಹಿಡಿದ ಕೈ ಮಾತ್ರ ಗಾಜಿನ ಈಚೆ. ಕೊಳ್ಳುವವರಾದರೂ ಬತ್ತಿ ಹಚ್ಚುವವರೇ? ಊಟದ ಮೇಜಿನ ಮೇಲೆ ಶೋಕಿಗೆ ಇಡುವವರು.

"ಇವತ್ತು ಬಾಯಿ ಬಿಟ್ರೆ ಅಕ್ಕನ ಮೇಲಾಣೆ" ಎಂದು ಅವನು ಬಾಗಿಲಲ್ಲೇ ಎಚ್ಚರಿಸಿದ್ದ.

ಭಾವನ ಜೇಬಿನಲ್ಲಿ ಹದಿನೆಂಟು ಸಾವಿರವಿತ್ತು. ದೀಪದ ಚೀಟಿಯಲ್ಲಿ ಮೂವತ್ತಾಗಿತ್ತು. ಕಾರ್ಡಿಗೆ ಹೊಸ ಸಾಲೊಂದು ಸೇರಿತ್ತು: ಅಪಘಾತ ತಪ್ಪಿಸಿದ ದೀಪ. ಆಗ ಕಿಸಕ್ಕೆಂದಿದ್ದ ಹೆಂಗಸು ಅದನ್ನೋದಿ ಪರ್ಸು ತೆರೆಯುತ್ತಿದ್ದಳು.

"ಅಪಘಾತಾನಾ? ಯಾವನು ಹೇಳಿದ್ದು?" ಭಾವ ಕಪಾಟಿನ ಗಾಜಿಗೆ ಬೆರಳು ಕುಟ್ಟಿದರು.

"ಭಾವ, ಸುಮ್ನಿರಿ, ಇನ್ನೂ ಏರಿಸ್ತಾನೆ."

"ಏರಿಸ್ಲಿ ಬಿಡೋ. ನೋಡಮ್ಮ, ಹೊಟ್ಟೆ ಕೆಟ್ಟು ಪಾಯಿಖಾನೆಗೆ ಓಡುವಾಗ ಕೈಜಾರಿ ಬಿತ್ತು. ಅದೇ ಈ ನಗ್ಗು. ಈ ಹಸಿರು ಗಾಜೂ ರೈಲಿನದಲ್ಲ, ಔಷಧಿ ಸೀಸೆ ಒಡೆದು ನಾನೇ ಕೂರಿಸಿದ್ದು."

ಹೆಂಗಸು ಪರ್ಸು ಮುಚ್ಚಿ ಗಡಿಯಾರಗಳ ಕಡೆ ಸರಿದಳು. ಅಂಗಡಿಯವನ ಮುಖ ಇಳಿಯಿತು.

"ಏನ್ ಸ್ವಾಮಿ, ಇದೆಲ್ಲ ನಿಜಾನಾ?"

ಗಾಡಿ ಬಿಡುವ ಮುಂಚೆ ನೋಡುತ್ತಿದ್ದ ಹಾಗೆ ಭಾವ ಅಂಗಡಿಯ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದರು. ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು.

"ಇನ್ನೂ ಎರಡು ಕಥೆ ಇದಾವೆ. ಹದಿನೆಂಟಕ್ಕೆ ಕೊಡ್ತೀಯೋ, ಮುಂದುವರಿಸ್ಲೋ?"