ಗೋಡೆಯ ಮೇಲಿನ ಲೈಸೆನ್ಸು

ಸ್ವೀಡನ್ನಿನಲ್ಲಿ ಶವಸಂಸ್ಕಾರದ ಅಂಗಡಿ ತೆರೆಯಲು ಲೈಸೆನ್ಸು ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಪ್ಪು ಶುರುವಾಗುವುದು ಇಲ್ಲಿಂದಲೇ. ಇಡ್ಲಿ ಮಾರಬೇಕಾದರೆ ನಗರಸಭೆಯವರು ಬಂದು ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ನೋಡುತ್ತಾರೆ. ಹೆಣ ಸಾಗಿಸುವವನನ್ನು ಯಾರೂ ಏನೂ ಕೇಳುವುದಿಲ್ಲ. ಕಂಪನಿ ರಿಜಿಸ್ಟರ್ ಮಾಡಿಸಿ ತೆರಿಗೆ ಕಟ್ಟಿದರೆ ಆಯಿತು.

ಆದರೆ ಉಳಿದದ್ದಕ್ಕೆಲ್ಲ ಸರ್ಕಾರದ ಅಪ್ಪಣೆ ಬೇಕು. ಚಿತಾಗಾರ ಕಟ್ಟಲು ಬೇಕು. ಹೆಣ ಸುಡಲು ತೆರಿಗೆ ಕಚೇರಿಯ ಪತ್ರ ಬೇಕು. ಹೌದು, ತೆರಿಗೆ ಕಚೇರಿಯೇ, ಹುಟ್ಟುಸಾವಿನ ದಾಖಲೆ ಇರುವುದು ಅವರ ಬಳಿ. ಸುಟ್ಟ ಮೇಲೆ ಬೂದಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಪಾಲು ಮಾಡುವ ಹಾಗಿಲ್ಲ, ನೀರಿಗೆ ಬಿಡಬೇಕಾದರೆ ಜಿಲ್ಲಾಡಳಿತದ ಅನುಮತಿ ತರಬೇಕು. ಒಟ್ಟಿನಲ್ಲಿ ನನಗೆ ಲೈಸೆನ್ಸು ಬೇಡ, ಬೂದಿಗೆ ಬೇಕು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸು. ತುಮಕೂರಿನಲ್ಲಿ ದೋಸೆ ಹೊಯ್ದೆ, ಬೆಂಗಳೂರಿನಲ್ಲಿ ಹೊಯ್ದೆ, ಆಮೇಲೆ ಸ್ಟಾಕ್‌ಹೋಮಿಗೆ ಬಂದು ಇಲ್ಲಿಯೂ ಅದನ್ನೇ ಹೊಯ್ದೆ. ಮೊಣಕಾಲು ಕೆಟ್ಟ ಮೇಲೆ ಕೂತು ಮಾಡುವ ಕೆಲಸ ಹುಡುಕಿದೆ. ಒಂದು ಶವಸಂಸ್ಕಾರದ ಸಂಸ್ಥೆಗೆ ಡ್ರೈವರ್ ಬೇಕಾಗಿತ್ತು. ಏಳು ವರ್ಷ ಅವರ ಕಪ್ಪು ವ್ಯಾನು ಓಡಿಸಿದೆ. ಎತ್ತುವುದು, ಇಳಿಸುವುದು, ಪೆಟ್ಟಿಗೆಯ ಸ್ಕ್ರೂ ಬಿಗಿಯುವುದು, ಮಾತಾಡದೆ ನಿಲ್ಲುವುದು, ಇಷ್ಟನ್ನು ಕಲಿತೆ. ಕಾಗದಪತ್ರವನ್ನೆಲ್ಲ ಆಫೀಸಿನಲ್ಲಿ ಯಜಮಾನಿಯೇ ನೋಡಿಕೊಳ್ಳುತ್ತಿದ್ದಳು. ಅದು ಕಲಿಯುವಂಥ ವಿದ್ಯೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಸ್ಟಾಕ್‌ಹೋಮಿನ ಕಿಸ್ಟಾ ಬಡಾವಣೆಯ ಆಫೀಸುಗಳಿಗೆ ನಮ್ಮ ಕಡೆಯ ಎಂಜಿನಿಯರುಗಳು ಬರುತ್ತಲೇ ಇದ್ದರು. ಅವರನ್ನು ನೋಡಲು ತಂದೆತಾಯಿ ಬರತೊಡಗಿದರು. ಅಷ್ಟು ಜನ ವಯಸ್ಸಾದವರು ಬಂದು ಹೋಗುವ ಕಡೆ ಒಬ್ಬಿಬ್ಬರು ವಾಪಸ್ ಹೋಗುವುದಿಲ್ಲ. ಕನ್ನಡ ಬರುವ ಒಬ್ಬ ಮನುಷ್ಯ ಬೇಕಲ್ಲ ಎಂದು ನಾನು ಹತ್ತಿರದ ಸೋಲ್ನಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಒಂದು ಪಕ್ಕ ಕ್ಷೌರದಂಗಡಿ, ಇನ್ನೊಂದು ಪಕ್ಕ ಬೀಗದ ಕೈ ಮಾಡುವವನು.

ಮೊದಲು ಬಂದ ದಂಪತಿ ಕೇಳಿದ್ದೇ, "ಅಂಕಲ್, ನಿಮ್ ಲೈಸೆನ್ಸ್ ಎಲ್ಲಿದೆ?"

"ಇಲ್ಲಿ ಬೇಕಾಗಿಲ್ಲಪ್ಪ," ಎಂದೆ.

ಗಂಡ ಹೆಂಡತಿಯ ಮುಖ ನೋಡಿದ. ಕಾಫಿ ಕುಡಿದು ಹೋದರು, ಮತ್ತೆ ಬರಲಿಲ್ಲ. ಎರಡನೆಯವರೂ ಕಾಫಿ ಕುಡಿದು ಹೋದರು. ನಿಜ ಹೇಳಿದ್ದಕ್ಕೆ ಕಾಫಿಪುಡಿ ಮಾತ್ರ ಖರ್ಚಾಯಿತು.

ನನ್ನ ಹತ್ತಿರ ಒಂದೇ ಒಂದು ಸ್ವೀಡಿಷ್ ಸರ್ಟಿಫಿಕೇಟು ಇತ್ತು. ಹೋಟೆಲಿನಲ್ಲಿದ್ದಾಗ ಆಹಾರದ ಶುಚಿತ್ವದ ಬಗ್ಗೆ ಎರಡು ದಿನದ ತರಬೇತಿಗೆ ಕಳಿಸಿದ್ದರು. ದಪ್ಪ ಕಾಗದ, ನೀಲಿ ಮುದ್ರೆ, ಕೆಳಗೆ ಉದ್ದನೆಯ ಸಹಿ. ಹಳೆ ಸಾಮಾನಿನ ಅಂಗಡಿಯಿಂದ ಕಪ್ಪು ಚೌಕಟ್ಟು ತಂದು, ಗಾಜು ಹಾಕಿಸಿ, ಮೇಜಿನ ಹಿಂದಿನ ಗೋಡೆಗೆ ನೇತುಹಾಕಿದೆ. ಇದು ಲೈಸೆನ್ಸು ಎಂದು ನಾನು ಯಾರಿಗೂ ಹೇಳಲಿಲ್ಲ. ಬಂದವರು ಕುರ್ಚಿಯಲ್ಲಿ ಕೂತು ತಲೆ ಎತ್ತಿ ನೋಡುತ್ತಿದ್ದರು, ಆಮೇಲೆ ನೆಮ್ಮದಿಯಾಗಿ ಕೂರುತ್ತಿದ್ದರು. ಅವರಿಗೆ ಸ್ವೀಡಿಷ್ ಬರುತ್ತಿರಲಿಲ್ಲ. ಹೀಗೆ ನಾಲ್ಕು ವರ್ಷ ನಡೆಯಿತು.

ಒಂದು ಜೂನ್ ತಿಂಗಳಲ್ಲಿ ಕಿಸ್ಟಾದಿಂದ ಒಬ್ಬ ಹೆಣ್ಣುಮಗಳು ಬಂದಳು. ನಲವತ್ತರ ಆಸುಪಾಸು, ಟೆಲಿಕಾಂ ಕಂಪನಿಯಲ್ಲಿ ಕೆಲಸ. ಅವಳ ತಾಯಿ ಮೈಸೂರಿನಲ್ಲಿ ಮಗನ ಮನೆಯಲ್ಲಿರುತ್ತಿದ್ದರು, ಪ್ರತಿ ಬೇಸಿಗೆ ಮೂರು ತಿಂಗಳು ಮಗಳ ಬಳಿ ಬರುತ್ತಿದ್ದರು. ಈ ಸಲ ಬಂದವರು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು.

"ಅಮ್ಮ ಕ್ಲಿಯರ್ ಆಗಿ ಹೇಳಿದ್ದಾರೆ ಅಂಕಲ್," ಎಂದಳು. "ನನ್ನ ಹೊತ್ಕೊಂಡು ಊರಿಗೆ ಹೋಗ್ಬೇಡ, ಇಲ್ಲೇ ನೀರಿಗೆ ಬಿಡು, ಬಸ್ಸಲ್ಲಿ ಬಂದು ನೋಡ್ಕೊಂಡು ಹೋಗು ಅಂತ. ಅಣ್ಣ ಒಪ್ತಿಲ್ಲ. ಶ್ರೀರಂಗಪಟ್ಟಣ ಇರೋವಾಗ ಯಾವುದೋ ಕೆರೆಗೆ ಎಸೀತೀಯಾ ಅಂತಾನೆ."

"ಕೆರೆ ಅಲ್ಲಮ್ಮ, ಮೇಲಾರೆನ್ ಸರೋವರ."

"ಅವನಿಗೆ ಎರಡೂ ಒಂದೇ. ಕೊನೆಗೆ ಒಂದು ಮಾತಿಗೆ ಒಪ್ಪಿದ್ದಾನೆ. ಗವರ್ನಮೆಂಟ್ ಪರ್ಮಿಷನ್ ತಗೊಂಡು, ಇಂಥ ಜಾಗದಲ್ಲಿ ಅಂತ ಪೇಪರ್ ಇದ್ರೆ ಮಾತ್ರ. ಆ ಪೇಪರ್ ನಾನು ಅವನಿಗೆ ಕಳಿಸ್ಬೇಕು. ಅದೊಂದು ಮಾಡಿಸ್ಕೊಡ್ತೀರಾ?"

ಹಾಗೆ ಕೇಳುತ್ತಾ ಗೋಡೆಯ ಕಡೆ ನೋಡಿದಳು.

"ಅದಕ್ಕೇನಮ್ಮ, ನಮ್ಮ ಕೆಲಸವೇ ಅದು," ಎಂದೆ.

ಇಲ್ಲಿಯ ನೀರಿಗೆ ಬಿಡಬೇಕೆಂದು ನನ್ನ ಬಳಿ ಬಂದವರಲ್ಲಿ ಇವಳೇ ಮೊದಲು. ಜಿಲ್ಲಾಡಳಿತದ ಅರ್ಜಿ ಎರಡೇ ಪುಟ. ನಕಾಶೆಯ ಮೇಲೆ ಜಾಗ ಗುರುತು ಹಾಕಿ ಲಗತ್ತಿಸಬೇಕು, ದಡದಿಂದ ದೂರ ಇರಬೇಕು, ಜನ ಈಜುವ ಕಡೆ ಇರಬಾರದು. ಎಂಥ ನಕಾಶೆ, ಎಷ್ಟು ದೂರ, ಅರ್ಜಿದಾರ ನಾನೋ ಅವಳೋ, ಗೊತ್ತಾಗಲಿಲ್ಲ. ಹಳೆಯ ಯಜಮಾನಿಗೆ ಒಂದು ಫೋನ್ ಮಾಡಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದಳು. ಇಷ್ಟೂ ಗೊತ್ತಿಲ್ಲದೆ ಅಂಗಡಿ ಇಟ್ಟಿದ್ದೀಯಾ ಎಂದೂ ಕೇಳುತ್ತಿದ್ದಳು. ಜಿಲ್ಲಾಡಳಿತಕ್ಕೆ ಫೋನ್ ಮಾಡಬಹುದಿತ್ತು, ಈ ಹೆಣ್ಣುಮಗಳಿಗೇ 'ನನಗೆ ಗೊತ್ತಿಲ್ಲಮ್ಮ' ಎನ್ನಬಹುದಿತ್ತು. ಗೋಡೆಯ ಮೇಲೆ ಗಾಜು ಹಾಕಿಸಿ ಇಟ್ಟವನಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಸೋಮವಾರ ನೋಡೋಣ ಎಂದು ಅರ್ಜಿಯನ್ನು ಡ್ರಾಯರಿಗೆ ಹಾಕಿದೆ. ಮೂರು ಸೋಮವಾರ ಬಂದು ಹೋದವು.

ಅಷ್ಟರಲ್ಲಿ ಸುಡುವ ಕೆಲಸ ಮುಗಿಯಿತು. ಇಲ್ಲಿ ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಹತ್ತನೆಯ ದಿನ, ಹದಿಮೂರನೆಯ ದಿನದ ಕರ್ಮಗಳನ್ನು ಅಣ್ಣ ಮೈಸೂರಿನಲ್ಲಿ ಮಾಡಿದ್ದ, ಇವಳು ವಿಡಿಯೋದಲ್ಲಿ ಕೈಮುಗಿದಿದ್ದಳು. ಮೊದಲ ಮಾಸಿಕದ ಒಳಗೆ ಅಸ್ಥಿ ಬಿಡಲೇಬೇಕು ಎಂದು ಪುರೋಹಿತರು ಹೇಳಿದ್ದರಂತೆ. ಅದಕ್ಕೆ ಒಂಬತ್ತು ದಿನ ಉಳಿದಿತ್ತು.

"ಪರ್ಮಿಷನ್ ಬಂತಾ ಅಂಕಲ್?"

"ಬಂದಿದೆಯಮ್ಮ," ಎಂದೆ.

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು, ಎಷ್ಟು ಸಲೀಸಾಗಿ ಬಂತು ಎಂದು.

ಅನುಮತಿಪತ್ರ ತೋರಿಸದೆ ಸ್ಮಶಾನದ ಕಚೇರಿಯವರು ಬೂದಿ ಕೊಡುವುದಿಲ್ಲ. ಆದರೆ ಹೊರದೇಶಕ್ಕೆ ಕೊಂಡೊಯ್ಯುವುದಾದರೆ ಬೇರೆ ಕಾಗದ, ಎಲ್ಲಿ ವಿಸರ್ಜಿಸುತ್ತೇವೆ ಎಂದು ಬರೆದು ಸಹಿ ಮಾಡಿದರೆ ಕೊಡುತ್ತಾರೆ. ಅದನ್ನು ನಾನು ವ್ಯಾನು ಓಡಿಸುತ್ತಿದ್ದಾಗ ನೋಡಿದ್ದೆ. ಕಿಟಕಿಯ ಮುಂದೆ ನಿಂತು, ಭಾರತ, ಕಾವೇರಿ ನದಿ, ಶ್ರೀರಂಗಪಟ್ಟಣ ಎಂದು ಬರೆದೆ. ಗುಮಾಸ್ತ ಒಳ್ಳೆಯ ಹುಡುಗ. "ದೂರದ ಪ್ರಯಾಣ," ಎಂದ. ಹೌದು ಎಂದೆ.

ಮಾರನೆಯ ದಿನ ಮಧ್ಯಾಹ್ನ ನಾನೂ ಅವಳೂ ಬಸ್ಸಿನಲ್ಲಿ ಹೋದೆವು. ಬಸ್ ನಿಲ್ಲುವ ಕಡೆಯಿಂದ ಹತ್ತು ನಿಮಿಷ ನಡೆದರೆ ದೋಣಿಕಟ್ಟೆ. ಬಾಡಿಗೆ ದೋಣಿಯಲ್ಲಿ ನಾನೇ ಹುಟ್ಟು ಹಾಕಿದೆ. ಬೂದಿಯ ಡಬ್ಬ ಅವಳ ತೊಡೆಯ ಮೇಲಿತ್ತು. ತೋಳು ಸೋತ ಕಡೆ ನಿಲ್ಲಿಸಿದೆ.

"ಪರ್ಮಿಷನ್ ಕೊಟ್ಟಿರೋ ಜಾಗ ಇದೇನಾ?"

"ಇದೇ."

ಎಂಜಿನಿಯರ್ ಅಲ್ಲವೇ, ಫೋನ್ ತೆಗೆದು ಆ ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಂಡಳು. ಆಮೇಲೆ ಚಪ್ಪಲಿ ಬಿಚ್ಚಿ, ತಾಯಿಯನ್ನು ನೀರಿಗೆ ಬಿಟ್ಟಳು. ಅತ್ತಳು. ನಾನು ಮಾತಾಡದೆ ಕೂತೆ. ಅದು ನನಗೆ ಚೆನ್ನಾಗಿ ಬರುತ್ತದೆ.

ಆಮೇಲೆ ಪೇಪರಿನ ವಿಷಯ. ವಾರಕ್ಕೊಮ್ಮೆ ಕೇಳುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ. ಪೋಸ್ಟಿನಲ್ಲಿ ಬರುತ್ತದೆ ಎಂದೆ. ರಜಾ ಕಾಲ ಎಂದೆ. ಕಂಪ್ಯೂಟರ್ ಬದಲಾಯಿಸುತ್ತಿದ್ದಾರೆ ಎಂದೂ ಒಮ್ಮೆ ಹೇಳಿದೆ. ಮೈಸೂರಿನ ಅಣ್ಣ ಚಳಿಗಾಲದವರೆಗೆ ಕಾದ. ಪೇಪರ್ ಇಲ್ಲ ಅಂದ್ರೆ ಸುಳ್ಳು ಹೇಳಿ ಅಮ್ಮನ್ನ ಎಸೆದಿದ್ದೀಯಾ ಅಂತಲೇ ಅರ್ಥ ಎಂದು ಹೇಳಿ ಫೋನ್ ಮಾಡುವುದನ್ನು ನಿಲ್ಲಿಸಿದ. ಇದನ್ನು ಅವಳೇ ನನಗೆ ತಿಳಿಸಿದಳು, ಗಲಾಟೆಯಿಲ್ಲದೆ, ಕಚೇರಿಯ ವಿಷಯ ಹೇಳಿದ ಹಾಗೆ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. "ನೋಡೋಣಮ್ಮ," ಎಂದೆ.

ವರ್ಷಾಬ್ದಿಕಕ್ಕೆ ಎರಡು ವಾರ ಇರುವಾಗ ಕೋಣೆಗೆ ಬಂದಳು. ಕೂರಲಿಲ್ಲ. ಮೇಜಿನ ಮೇಲೆ ಒಂದು ಹಾಳೆ ಇಟ್ಟಳು.

"ಅಂಕಲ್, ನಮ್ಮಮ್ಮ ಎಲ್ಲಿದ್ದಾರೆ?"

ನಾನು ಹಾಳೆ ನೋಡಿದೆ. ನನ್ನದೇ ಸಹಿ.

"ನಿಮ್ಮನ್ನ ಕೇಳಿ ಸಾಕಾಯ್ತು, ಸ್ಮಶಾನದ ಆಫೀಸಿಗೇ ಬರೆದು ಕಾಪಿ ತರಿಸ್ದೆ. ಇವರ ಪ್ರಕಾರ ಅಮ್ಮ ಕಾವೇರೀಲಿದ್ದಾರೆ. ಯಾರು ಕರ್ಕೊಂಡು ಹೋಗಿದ್ದು? ನೀವಾ?"

ಅವಳು ತಲೆ ಎತ್ತಿ ಗೋಡೆ ನೋಡಿದಳು. ಆ ಒಂದು ವರ್ಷ ಸಂಜೆ ತರಗತಿಗೆ ಹೋಗಿ ಅವಳು ಸ್ವೀಡಿಷ್ ಕಲಿತಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಮೇಜು ಬಳಸಿ ಬಂದು ಚೌಕಟ್ಟಿನ ಮುಂದೆ ನಿಂತಳು, ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ಬಿಸಿ ಅಡುಗೆಯನ್ನ ಬೇಗ ತಣ್ಣಗೆ ಮಾಡೋದು. ಮತ್ತೆ ಬಿಸಿ ಮಾಡೋದು. ಹಸಿ ಮಾಂಸ ಬೇರೆ ಇಡೋದು." ತಿರುಗಿ ನನ್ನನ್ನು ನೋಡಿದಳು. "ಅಂಕಲ್, ಇದು ಅಡುಗೆಯವರಿಗೆ ಕೊಡೋದು."

"ಹೌದಮ್ಮ."

"ಪಾಸಾಗಿದ್ದೀರಾ?"

"ಒಳ್ಳೆ ಮಾರ್ಕ್ಸ್ ಬಂದಿತ್ತು."

ಅವಳು ನಗಲಿಲ್ಲ. ನಾನೂ ತಮಾಷೆಗೆ ಹೇಳಿರಲಿಲ್ಲ. ಕೇಳಿದಳು, ಇದ್ದದ್ದು ಹೇಳಿದೆ. ಒಮ್ಮೆ ಶುರುವಾದ ಮೇಲೆ ಉಳಿದದ್ದೂ ಬಂತು. ಡ್ರಾಯರ್ ಎಳೆದು ಅರ್ಜಿ ತೋರಿಸಿದೆ. ಮೇಲೆ ಅವಳ ತಾಯಿಯ ಹೆಸರು ಮಾತ್ರ ಬರೆದಿತ್ತು. ಅವಳು ಎರಡೂ ಪುಟ ತಿರುವಿ ನೋಡಿದಳು.

"ಕಳಿಸಿದ್ರೆ ಕೊಡ್ತಿದ್ರಾ?"

"ಕೊಡ್ತಿದ್ರು. ಸಾಮಾನ್ಯವಾಗಿ ಕೊಡ್ತಾರೆ."

"ಮತ್ತೆ?"

ನಾನು ಡ್ರಾಯರ್ ಮುಚ್ಚಿದೆ.

"ಅಣ್ಣನಿಗೆ ನೀವೇ ಹೇಳಿ," ಎಂದು ನಂಬರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟಳು. ತಂಗಿಯ ನಂಬರ್ ಎಂದು ಅವನು ತೆಗೆಯುವುದಿಲ್ಲವೇನೋ ಅಂದುಕೊಂಡೆ. ನಾಲ್ಕನೆಯ ರಿಂಗಿಗೆ ತೆಗೆದ. ನಾನು ಯಾರು, ಏನು ಮಾಡಿದೆ, ತಂಗಿಗೆ ಇದೊಂದೂ ಗೊತ್ತಿರಲಿಲ್ಲ, ಎಲ್ಲ ಹೇಳಿದೆ. ಆ ಕಡೆ ಪ್ರೆಶರ್ ಕುಕ್ಕರ್ ಎರಡು ಸಲ ಕೂಗಿತು.

"ಏನ್ರೀ, ನಿಮಗೆ ಲೈಸೆನ್ಸ್ ಕೊಟ್ಟೋರ್ಯಾರು?"

"ಯಾರೂ ಕೊಟ್ಟಿಲ್ಲ. ಇಲ್ಲಿ ಬೇಕಾಗಿಲ್ಲ."

"ಥೂ ನಿಮ್ಮ! ವಯಸ್ಸೆಷ್ಟು?"

"ಎಪ್ಪತ್ತೊಂದು."

"ಎಪ್ಪತ್ತೊಂದು ವರ್ಷಕ್ಕೆ ಒಂದು ಕಾಗದ ಪೋಸ್ಟ್ ಮಾಡೋಕೆ ಬರಲಿಲ್ವಾ? ನಾನು ನನ್ನ ತಂಗೀನ ಸುಳ್ಳುಗಾತಿ ಅಂದೆ ಕಣ್ರೀ. ಆರು ತಿಂಗಳು ಮಾತಾಡ್ಸಿಲ್ಲ."

ತಂಗಿ ಕಿಟಕಿಯ ಕಡೆ ತಿರುಗಿದಳು. ನಾನು ತಪ್ಪಾಯಿತು ಎಂದೆ. ಅವನು ಇನ್ನೂ ಒಂದಷ್ಟು ಬೈದ, ಬೈಯಬೇಕಾದ್ದನ್ನೇ. ಆಮೇಲೆ ದನಿ ಇಳಿಸಿ ಕೇಳಿದ:

"ಆ ನೀರು ಹರಿಯುತ್ತಾ, ಇಲ್ಲ ನಿಂತ ನೀರಾ?"

"ಹರಿಯುತ್ತೆ ಸ್ವಾಮಿ. ನಿಧಾನ. ಸ್ಟಾಕ್‌ಹೋಮ್ ಒಳಗೆ ಹಾದು ಸಮುದ್ರ ಸೇರುತ್ತೆ."

"ನಿಜವಾಗಲೂ?"

"ಇದು ನಿಜ."

"ಅಷ್ಟು ಹೇಳೋಕೆ ಒಂದು ವರ್ಷ ತಗೊಂಡ್ರಲ್ರೀ." ಆಮೇಲೆ, "ಅಲ್ಲಿಗೆ ಯಾವ ಬಸ್ಸು?" ಎಂದ.

ನಂಬರ್ ಹೇಳಿದೆ. ತಂಗಿಗೆ ಫೋನ್ ಕೊಡಿ ಎಂದ. ನಾನು ಹೊರಗೆ ಹೋಗಿ ಕ್ಷೌರದಂಗಡಿಯ ಮುಂದೆ ನಿಂತೆ.

ಅವತ್ತೇ ಚೌಕಟ್ಟು ಇಳಿಸಿದೆ. ಕೋಣೆಯನ್ನೂ ಬಿಟ್ಟೆ. ಜಿಲ್ಲಾಡಳಿತಕ್ಕೂ ಸ್ಮಶಾನದ ಕಚೇರಿಗೂ ಇದ್ದದ್ದು ಇದ್ದ ಹಾಗೆ ಬರೆದೆ, ತಪ್ಪು ನನ್ನೊಬ್ಬನದು, ಆ ಹೆಣ್ಣುಮಗಳಿಗೆ ಗೊತ್ತಿರಲಿಲ್ಲ ಎಂದು. ಸ್ವೀಡಿಷ್ ಅವಳೇ ತಿದ್ದಿಕೊಟ್ಟಳು, ಪೋಸ್ಟ್ ಡಬ್ಬದವರೆಗೆ ಜೊತೆಗೆ ಬಂದಳು. ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ, ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ, ಈಗಾಗಲೇ ವಿಸರ್ಜಿಸಿದ ಬೂದಿಗೆ ಅನುಮತಿ ನೀಡಲು ಬರುವುದಿಲ್ಲ. ಜೊತೆಗೆ, ಮುಂದೆ ಬೇಕಾದರೆ ಎಂದು, ಒಂದು ಖಾಲಿ ಅರ್ಜಿ.

ಅಂದರೆ ಆ ತಾಯಿ ಇರುವ ಜಾಗಕ್ಕೆ ಯಾವತ್ತೂ ಪೇಪರ್ ಇರುವುದಿಲ್ಲ. ನಾನು ಎಷ್ಟು ಪಶ್ಚಾತ್ತಾಪಪಟ್ಟರೂ ಅದು ಹುಟ್ಟುವುದಿಲ್ಲ. ಆದರೆ ಖಾಲಿ ಅರ್ಜಿ ಇತ್ತಲ್ಲ, ಅದರಲ್ಲಿ ತೀರಿಕೊಂಡವರ ಹೆಸರು ಎನ್ನುವ ಕಡೆ ನನ್ನ ಹೆಸರು ಬರೆದೆ. ನನಗೆ ಇಲ್ಲಿ ಯಾರೂ ಇಲ್ಲ, ನನ್ನ ಬೂದಿಯನ್ನೂ ಅಲ್ಲೇ ಬಿಟ್ಟರೆ ಸರ್ಕಾರದ ದಾಖಲೆಯಲ್ಲಿ ಆ ನೀರಿಗೆ ಒಂದು ಗುರುತಾದರೂ ಬೀಳುತ್ತದೆ ಅನ್ನಿಸಿತು. ಸಾಯುವ ತನಕ ಅದನ್ನು ಕಳಿಸಲು ಬರುವುದಿಲ್ಲ, ಆಮೇಲೆ ಕಳಿಸಲು ನಾನಿರುವುದಿಲ್ಲ. ಹಾಗಾಗಿ ಅವಳ ಬಳಿ ತೆಗೆದುಕೊಂಡು ಹೋದೆ.

ಆಗ ಅಣ್ಣ ಬಂದು ವಾರವಾಗಿತ್ತು. ಇಬ್ಬರೂ ಬಸ್ಸಿನಲ್ಲಿ ಹೋಗಿಬಂದಿದ್ದರು. ಅವನು ನನ್ನನ್ನು ಒಳಗೆ ಕರೆಯಲಿಲ್ಲ, ಹೊರಗೆ ಹೋಗು ಎಂದೂ ಹೇಳಲಿಲ್ಲ. ಅವಳು ಅರ್ಜಿ ಓದಿ, ಫೋನ್ ತೆಗೆದು ಅಕ್ಷಾಂಶ ರೇಖಾಂಶ ನೋಡಿ, ನಕಾಶೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದಳು.

ಅಣ್ಣ ಬಗ್ಗಿ ನೋಡಿದ. "ಅಷ್ಟು ಹತ್ತಿರ ಯಾಕೆ? ಅಮ್ಮನಿಗೆ ಹೊಸಬರ ಜೊತೆ ಕಷ್ಟ. ಸ್ವಲ್ಪ ಆಚೆ ಹಾಕು."

"ಎಷ್ಟು?"

"ಒಂದಿಪ್ಪತ್ತು ಮೀಟರ್."

ಅವಳು ರಬ್ಬರಿನಿಂದ ಉಜ್ಜಿ, ಆಚೆ ಹೊಸ ಗುರುತು ಹಾಕಿ, ಅದರ ಮೇಲೆ ಪೆನ್ನಿನಿಂದ ತಿದ್ದಿದಳು. ಅರ್ಜಿದಾರರ ಸಹಿ ಎನ್ನುವ ಕಡೆ ತನ್ನ ಸಹಿ ಹಾಕಿದಳು, ತಾರೀಕು ಮಾತ್ರ ಖಾಲಿ ಬಿಟ್ಟಳು.

"ಇದು ನನ್ನ ಹತ್ರ ಇರ್ಲಿ ಅಂಕಲ್," ಎಂದಳು. "ನಾನು ಅವತ್ತಿನ ದಿನವೇ ಪೋಸ್ಟ್ ಮಾಡ್ತೀನಿ."