ಟಾನಿಕ್ ಬಾಟಲಿಗೆ ಸುತ್ತಿದ ಪೇಪರು

ಬಸ್ಸು ತಪ್ಪಬಹುದಿತ್ತು. ಸಿಕ್ಕರೂ ಗಡಿಬಿಡಿಯಲ್ಲಿ ನ್ಯಾಮತಿ ಕಡೆಯದ್ದನ್ನು ಹತ್ತಿಬಿಡಬಹುದಿತ್ತು. ಅಕ್ಕ ದಾರಿಯಲ್ಲಿ ಕಿರುಚಿಕೊಂಡು, ಕಂಡಕ್ಟರು ನಮ್ಮನ್ನು ಇಳಿಸಿಬಿಡಬಹುದಿತ್ತು. ಬಾಟಲಿಯ ಬಿರಡೆ ಕಿತ್ತು ಪಕ್ಕದವರ ಪಂಚೆ ನೆನೆಯಬಹುದಿತ್ತು. ದೊಡ್ಡಾಸ್ಪತ್ರೆ ಮುಟ್ಟಿದ ಮೇಲೆ ಡಾಕ್ಟರೇ ರಜೆಯಲ್ಲಿರಬಹುದಿತ್ತು. ಹೊನ್ನಾಳಿಯಲ್ಲಿ ಬಸ್ಸು ಹತ್ತುವ ಮೊದಲೇ ಇಷ್ಟನ್ನೂ ಎಣಿಸಿ ಮುಗಿಸಿದ್ದೆ. ಈ ಒಂದು ವಿದ್ಯೆಯಲ್ಲಿ ನಾನು ಅಂದಿಗೂ ಇಂದಿಗೂ ಪಳಗಿದವನು.

ಎಂಬತ್ತರ ದಶಕದ ಶುರು. ಹೊನ್ನಾಳಿಗೆ ಕೊಟ್ಟಿದ್ದ ನಮ್ಮಕ್ಕನಿಗೆ ಆಗಾಗ ಹೊಟ್ಟೆನೋವು, ನೆಲದ ಮೇಲೆ ಹೊರಳಾಡುವಂಥದ್ದು. ಅದರ ಹಿಂದೆಯೇ ಕಾಲು ಸೋಲುತ್ತಿತ್ತು, ಇಲ್ಲದವರೆಲ್ಲ ಕಣ್ಣಿಗೆ ಕಾಣುತ್ತಿದ್ದರು. ಅಲ್ಲಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ತಮ್ಮ ಕೈಗೆ ಸಿಗದ್ದು ಲೋಕದಲ್ಲೇ ಇಲ್ಲವೆಂದು ತೀರ್ಮಾನಿಸಿ, 'ಇದು ತಲೇದು' ಎಂದು ನಿದ್ದೆ ಮಾತ್ರೆ ಬರೆದರು. ನುಂಗಿದಷ್ಟೂ ಕಾಯಿಲೆ ಜಾಸ್ತಿಯಾಯಿತು. ಜಾಸ್ತಿಯಾದಷ್ಟೂ ಅವರು ಮಾತ್ರೆ ಏರಿಸಿದರು. ಅಕ್ಕನ ಅತ್ತೆ ಹಿಂದೆ ಬಿದ್ದಾರೆಯೇ? ಅಕ್ಕನಿಂದ ಮಾಡಿಸುತ್ತಿದ್ದ ಸೋಮವಾರದ ಉಪವಾಸಕ್ಕೆ ಗುರುವಾರವನ್ನೂ ಸೇರಿಸಿದರು. ಇಬ್ಬರೂ ತಮ್ಮ ಜ್ಞಾನದಲ್ಲಿ ಎಷ್ಟು ನಿಶ್ಚಿಂತರಾಗಿದ್ದರೆಂದರೆ, ಚಿಂತೆಯ ಪಾಲೆಲ್ಲ ನನಗೇ ಬಂತು.

"ಹೊಟ್ಟೆನೋವು ಕಣ್ರೀ, ತಲೆ ನೆಟ್ಟಗೈತೆ," ಅನ್ನುತ್ತಿದ್ದಳು ಅಕ್ಕ.

"ಹುಚ್ಚರೆಲ್ಲ ಹಂಗೇ ಅನ್ನೋದು," ಅನ್ನುತ್ತಿದ್ದರು ಭಾವ.

ಹುಚ್ಚಾಸ್ಪತ್ರೆಗೆ ಸೇರಿಸುವ ಕಾಗದ ಆಗಲೇ ಅವರ ಜೇಬಿನಲ್ಲಿತ್ತು. ದೊಡ್ಡಾಸ್ಪತ್ರೆಯ ಲೇಡಿ ಡಾಕ್ಟರ ಸಹಿಯೊಂದು ಬಾಕಿ. ಅವರು ಮೊದಲು ಬೆಳಗಿನ ಮೂತ್ರ ತನ್ನಿ ಎಂದಿದ್ದರು.

"ಹುಚ್ಚು ನೋಡಾಕೆ ಮೂತ್ರ ಯಾಕೆ ಬೇಕಂತೆ?" ಎಂದು ಭಾವ ದಾರಿಯುದ್ದಕ್ಕೂ ನಕ್ಕರು. ನಾನೇನು ಕಮ್ಮಿ ಜಾಣನೇ? ಯಾರಾದರೂ ನೋಡಿಯಾರೆಂದು ನಾಚಿ, ಟಾನಿಕ್ ಬಾಟಲಿಗೆ ಪೇಪರು ಸುತ್ತಿ, ಬಾಳೆನಾರು ಬಿಗಿದು, ಅಕ್ಕನ ವೈರ್ ಬುಟ್ಟಿಯಲ್ಲಿಟ್ಟು ಬಸ್ಸಿನ ಕಿಟಕಿಗೆ ನೇತುಹಾಕಿದ್ದೆ.

ಆಸ್ಪತ್ರೆಯಲ್ಲಿ ಬಾಟಲಿ ತೆಗೆದರೆ ಒಳಗೆ ಚೊಗರು! ಚನ್ನಗಿರಿಯ ನಮ್ಮ ಮನೆಯಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುತ್ತದಲ್ಲ, ಅದೇ ಕಪ್ಪುಗೆಂಪು.

"ಮೇಡಂ, ಕೆಟ್ಟೋಗೈತೆ. ಬೇರೆ ತರ್ತೀನಿ," ಎಂದು ಬೇಸಿನ್ನಿಗೆ ಬಗ್ಗಿಸಹೋದೆ.

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಚೆಲ್ಲಬೇಡ್ರೀ! ಬೆಳಿಗ್ಗೆ ಯಾವ ಬಣ್ಣ ಇತ್ತು?"

"ಎಲ್ಲರದೂ ಇರೋ ಹಂಗೇ ಇತ್ತು."

"ಬಿಸಿಲಲ್ಲಿ ಇತ್ತಾ?"

"ಎರಡು ತಾಸು."

ಆಮೇಲೆ ಅವರು, ಅಲ್ಲಿಯವರೆಗೆ ಯಾವ ಬುದ್ಧಿವಂತರೂ ಕೇಳದ್ದನ್ನು ಕೇಳಿದರು: ಮೊದಲು ಬರೋದು ನೋವಾ, ಹುಚ್ಚಾ? ನಿಮ್ಮ ವಂಶದಲ್ಲಿ ಬೇರೆ ಯಾರಿಗಾದರೂ ಹಿಂಗೆ?

ಬಿಳಿಚೋಡಿಗೆ ಕೊಟ್ಟಿದ್ದ ಸೋದರತ್ತೆ ನೆನಪಾದಳು. ಅವಳಿಗೂ ಹೊಟ್ಟೆನೋವು. ದೆವ್ವವೆಂದು ಬೇವಿನ ಬರಲಿನಲ್ಲಿ ಹೊಡೆದು ಹೊಡೆದು ಬಿಡಿಸಿದ್ದೆವು; ದೆವ್ವದ ಜೊತೆ ಅವಳೂ ಹೋದಳು. ಅದನ್ನೂ ಹೇಳಿದೆ.

"ದೆವ್ವಾನೂ ಅಲ್ಲ, ಹುಚ್ಚೂ ಅಲ್ಲ. ರಕ್ತದಲ್ಲಿ ಬರೋ ಅಪರೂಪದ ದೋಷ. ಇದಿರೋರ ಮೂತ್ರ ಬಿಸಿಲು ಬಿದ್ರೆ ಹಿಂಗೆ ಕಪ್ಪಾಗುತ್ತೆ," ಎಂದರು ಡಾಕ್ಟರು. "ಆ ಮಾತ್ರೆ ಇವತ್ತೇ ನಿಲ್ಸಿ. ಹೊಟ್ಟೆ ತುಂಬ ಊಟ ಹಾಕಿ."

"ಹಂಗಾದ್ರೆ ಸಹಿ?" ಅಂದರು ಭಾವ. ಎಂಥ ದೊಡ್ಡ ಮನಸ್ಸು!

ಡಾಕ್ಟರು ಕಾಗದವನ್ನು ಸಹಿ ಹಾಕದೆಯೇ ಹಿಂದಿರುಗಿಸಿದರು. ತಿಂಗಳು ಕಳೆಯುವುದರೊಳಗೆ ಅಕ್ಕ ಗೋಡೆ ಹಿಡಿಯದೆ ನಡೆದಳು.

ನಾನು ಎಣಿಸಿದ್ದರಲ್ಲಿ ಒಂದೂ ಆಗಿರಲಿಲ್ಲ. ದಾರಿಯಲ್ಲಿ ಬಾಳೆನಾರು ಸಡಿಲಾಗಿ, ಬಾಟಲಿಗೆ ಸುತ್ತಿದ್ದ ಪೇಪರು ಕಳಚಿತ್ತು, ಅಷ್ಟೆ.